ಎರಡು ತೊಗಟೆ

ತಿಪಟೂರಿನ ರೈಲ್ವೆ ಸ್ಟೇಷನ್ನಿನಲ್ಲಿ ನಿಂತವನನ್ನು ಹಳಿ ಎರಡು ಕಡೆಯಿಂದ ಕರೆಯುತ್ತದೆ. ಈ ಕಡೆ ತುಮಕೂರು, ಬೆಂಗಳೂರು. ಆ ಕಡೆ ಅರಸೀಕೆರೆ, ಬೀರೂರು, ಶಿವಮೊಗ್ಗ, ಆಮೇಲೆ ಆನಂದಪುರ, ಸಾಗರ, ಕೊನೆಗೆ ತಾಳಗುಪ್ಪ. ಊರಿನವರಿಗೆ ಇದರಲ್ಲಿ ವಿಶೇಷವೇನಿಲ್ಲ. ಒಂದು ಕಡೆಗೆ ಕೆಲಸ ಹುಡುಕಿಕೊಂಡು ಹೋಗುವ ಮಕ್ಕಳು, ಇನ್ನೊಂದು ಕಡೆಗೆ ಜೋಗ ನೋಡಲು ಹೋಗುವ ನೆಂಟರು, ಅಷ್ಟೇ. 2018ರಲ್ಲಿ ನಮ್ಮ ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮಾತ್ರ ನಮ್ಮ ಮನೆಯವರಿಗೆ ಆ ಹಳಿ ಬೇರೆಯದೇ ಆಯಿತು. ಒಂದು ತುದಿಯಲ್ಲಿ ಕೀಮೋ, ಇನ್ನೊಂದು ತುದಿಯಲ್ಲಿ ನರಸೀಪುರದ ಔಷಧಿ.

ಕಾಯಿಲೆ ತೀರ ಸದ್ದಿಲ್ಲದೆ ಬಂದಿತ್ತು. ಹೊಟ್ಟೆ ಉಬ್ಬರಿಸುತ್ತದೆ ಅಂದರು, ಗ್ಯಾಸು ಅಂದುಕೊಂಡೆವು. ಎರಡು ತುತ್ತಿಗೇ ಸಾಕೆನಿಸುತ್ತದೆ ಅಂದರು, ವಯಸ್ಸಾಯಿತು ಅಂದುಕೊಂಡೆವು. ಸೀರೆಯ ನೆರಿಗೆ ನಿಲ್ಲದಷ್ಟು ಹೊಟ್ಟೆ ಮುಂದೆ ಬಂದಾಗ ಸ್ಕ್ಯಾನ್ ಮಾಡಿಸಿದರೆ ಹೊಟ್ಟೆಯ ತುಂಬ ನೀರು. ಸಿಎ-125 ಎಂಬ ರಕ್ತಪರೀಕ್ಷೆ 35ರ ಒಳಗಿರಬೇಕಂತೆ, ಅವರದು ಸಾವಿರ ದಾಟಿತ್ತು. ಮೂರನೇ ಹಂತ, ಅದರಲ್ಲೂ ಕೊನೆಯ ಮೆಟ್ಟಿಲು. ಅಂಡಾಶಯದ ಕ್ಯಾನ್ಸರ್ ಬಹುಪಾಲು ಹೆಂಗಸರಲ್ಲಿ ಪತ್ತೆಯಾಗುವುದೇ ಹೀಗೆ, ಹೊಟ್ಟೆಯೊಳಗೆಲ್ಲ ಹರಡಿಕೊಂಡ ಮೇಲೆ. ಬೆಂಗಳೂರಿನ ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದರು: 21 ದಿನಕ್ಕೊಮ್ಮೆ ಕೀಮೋ, ಮೂರು ಸಲ, ಆಮೇಲೆ ಆಪರೇಷನ್, ಮತ್ತೆ ಮೂರು ಸಲ.

ಚಿಕ್ಕಪ್ಪ ಆ ಹಾಳೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಹೊರಗೆ ಬಂದವರೇ, "ನಾನೊಂದು ಸಲ ನರಸೀಪುರಕ್ಕೆ ಹೋಗಿ ಬಂದುಬಿಡ್ತೀನಿ" ಅಂದರು. ಅವರ ದನಿಯಲ್ಲಿ ನನ್ನ ಅನುಮತಿ ಕೇಳುವ ಧಾಟಿಯೇನೂ ಇರಲಿಲ್ಲ.

ನರಸೀಪುರ ಅಂದರೆ ಆನಂದಪುರದ ಹತ್ತಿರದ ಹಳ್ಳಿ. ಅಲ್ಲಿನ ನಾಟಿವೈದ್ಯರು ಗುರುವಾರ, ಭಾನುವಾರ ಕೊಡುತ್ತಿದ್ದ ಮರದ ತೊಗಟೆಯ ಔಷಧಿಗೆ ಹೊರರಾಜ್ಯಗಳಿಂದಲೂ ಜನ ಬರುತ್ತಿದ್ದರು. ಚಿಕ್ಕಪ್ಪ ಬುಧವಾರ ರಾತ್ರಿಯೇ ಹೋಗಿ ಸಾಲು ಹಿಡಿದರಂತೆ. ಮುಂದೆ ನಿಂತವನು ಮರಾಠಿ, ಹಿಂದೆ ನಿಂತವನು ಮಲಯಾಳಿ, ಇಬ್ಬರ ಕಂಕುಳಲ್ಲೂ ಇವರ ಕೈಯಲ್ಲಿದ್ದಂಥದೇ ಸ್ಕ್ಯಾನ್ ಕವರು. ಮಾತು ಬಾರದಿದ್ದರೂ ಮೂವರೂ ಬೆಳಗಿನವರೆಗೆ ಅದೇನೋ ಮಾತಾಡಿಕೊಂಡಿದ್ದರಂತೆ. ಶುಕ್ರವಾರ ಮನೆಗೆ ಬಂದು ಕೈಚೀಲದಿಂದ ತೊಗಟೆಯ ಪೊಟ್ಟಣವನ್ನು ತೆಗೆದಾಗ ಅವರ ಮುಖ ನೋಡಬೇಕಿತ್ತು. ಮೂರು ವಾರದಲ್ಲಿ ಮೊದಲ ಸಲ ಆ ಮನುಷ್ಯ ನೆಟ್ಟಗೆ ಕೂತು ಊಟ ಮಾಡಿದರು.

ನಾನು ಆಗ ಬುದ್ಧಿವಂತನ ಹಾಗೆ ಒಳಗೊಳಗೇ ನಕ್ಕಿದ್ದೆ. ಮರದ ತೊಗಟೆಯಿಂದ ಕ್ಯಾನ್ಸರ್ ಹೋಗುವುದುಂಟೆ ಅಂತ.

ಮುಂದಿನ ವಾರ ಬೆಂಗಳೂರಿನ ಆಸ್ಪತ್ರೆಯ ಡೇ-ಕೇರ್ ವಾರ್ಡಿನಲ್ಲಿ ಚಿಕ್ಕಮ್ಮನ ಕೈಗೆ ಸೂಜಿ ಚುಚ್ಚಿ, ವಾಂತಿಗೆ, ಅಲರ್ಜಿಗೆ ಮುಂಚಿತವಾಗಿ ಕೊಡುವ ಇಂಜೆಕ್ಷನ್ನುಗಳನ್ನೆಲ್ಲ ಕೊಟ್ಟು, ನರ್ಸು ಒಂದು ಬಾಟಲಿಯನ್ನು ಕಂಬಿಗೆ ತೂಗುಹಾಕಿದರು. ನೀರಿನಷ್ಟೇ ತಿಳಿಯಾದ ದ್ರವ. ಲೇಬಲ್ಲಿನ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂದಿತ್ತು. ಮೂರು ಗಂಟೆ ಇಳಿಯುತ್ತದೆ ಅಂದರು. ಮಾಡಲು ಕೆಲಸವಿಲ್ಲದ ನಾನು ಮೊಬೈಲಿನಲ್ಲಿ ಅದೇನು ಅಂತ ಹುಡುಕಿದೆ. ಅದೂ ತೊಗಟೆ.

1962ರ ಆಗಸ್ಟಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಆರ್ಥರ್ ಬಾರ್ಕ್ಲೆ ಎಂಬ ಸಸ್ಯವಿಜ್ಞಾನಿ ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು ಕೆತ್ತಿ ಚೀಲಕ್ಕೆ ತುಂಬಿಸಿದ. ಮರ ಕಡಿಯುವವರು ಅಷ್ಟಾಗಿ ಕೇಳದ, ಕಸವೆಂದು ಸುಡುತ್ತಿದ್ದ ಮರ. ಕ್ಯಾನ್ಸರಿಗೆ ಏನಾದರೂ ಸಿಕ್ಕೀತೇ ಅಂತ ಅಲ್ಲಿನ ಸರಕಾರ ಕಂಡಕಂಡ ಗಿಡಮರಗಳ ಸಾರವನ್ನೆಲ್ಲ ಪರೀಕ್ಷೆಗೆ ಹಚ್ಚಿದ್ದ ಕಾಲ ಅದು. ಲಕ್ಷಕ್ಕೂ ಮಿಕ್ಕಿದ ಸಾರಗಳಲ್ಲಿ ಬಹುಪಾಲು ಕೈಕೊಟ್ಟವು, ಇದು ಉಳಿಯಿತು. 1971ರಲ್ಲಿ ಮನ್ರೋ ವಾಲ್ ಜೊತೆಗೆ ಸೇರಿ ಅದರೊಳಗಿನ ವಸ್ತುವಿನ ರಚನೆಯನ್ನು ಬಿಡಿಸಿಟ್ಟವರು ಮನ್ಸುಖ್ ವಾಣಿ. ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರ್‌ಬಾರಿನಲ್ಲಿ ಹುಟ್ಟಿದವರು. ಅದು ಜೀವಕೋಶದೊಳಗೆ ಏನು ಮಾಡುತ್ತದೆ ಎಂದು ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ಕಂಡುಹಿಡಿದದ್ದು 1979ರಲ್ಲಿ. ಅಂಡಾಶಯದ ಕ್ಯಾನ್ಸರಿಗೆ ಅದನ್ನು ಕೊಡಬಹುದೆಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರ ಡಿಸೆಂಬರಿನಲ್ಲಿ. ತೊಗಟೆ ಬಾಟಲಿಗಿಳಿಯಲು 30 ವರ್ಷ ಹಿಡಿಯಿತು.

ಅದರ ಕೆಲಸ ನನಗೆ ಅರ್ಥವಾದದ್ದು ಹೀಗೆ. ಒಂದು ಕೋಶ ಎರಡಾಗಬೇಕಾದರೆ ಒಳಗೆ ಸಣ್ಣ ಕೊಳವೆಗಳ ಒಂದು ಸಾರ್ವೆ ಕಟ್ಟಿಕೊಳ್ಳುತ್ತದೆ, ಕೆಲಸ ಮುಗಿದ ಕೂಡಲೇ ಅದನ್ನು ತಾನೇ ಬಿಚ್ಚುತ್ತದೆ. ಈ ಔಷಧಿ ಸಾರ್ವೆಯನ್ನು ಬಿಚ್ಚಲು ಬಿಡುವುದಿಲ್ಲ. ಕಟ್ಟಿದ್ದು ಕಟ್ಟಿದ ಹಾಗೇ ಬಿಗಿದುಕೊಳ್ಳುತ್ತದೆ, ಕೋಶ ಒಡೆಯಲೂ ಆಗದೆ ಹಿಂದಿರುಗಲೂ ಆಗದೆ ಸಾಯುತ್ತದೆ. ಅಂಥದೇ ಕೊಳವೆಗಳು ನರಗಳಲ್ಲೂ ಇರುವುದರಿಂದ ಬೆರಳ ತುದಿ ಜೋಮುಗಟ್ಟುತ್ತದೆ. ನಾಲ್ಕನೇ ಸೈಕಲ್ಲಿನ ಹೊತ್ತಿಗೆ ಚಿಕ್ಕಮ್ಮನಿಗೆ ರವಿಕೆಯ ಹುಕ್ಕು ಕೈಗೆ ಸಿಗುತ್ತಿರಲಿಲ್ಲ. ಮಲ್ಲಿಗೆ ಮೊಗ್ಗು ಬೆರಳಿನಲ್ಲಿದೆಯೋ ಬಿದ್ದುಹೋಯಿತೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು. ಇಪ್ಪತ್ತು ಮೊಳ ಹೂವನ್ನು ಟಿವಿ ನೋಡುತ್ತ ಕಟ್ಟಿ ಮುಗಿಸುತ್ತಿದ್ದ ಕೈ ಅದು.

ಹಾಗಾಗಿ ಆ ದಿನಗಳಲ್ಲಿ ನಮ್ಮ ಚಿಕ್ಕಮ್ಮನ ಮೈಯಲ್ಲಿ ಎರಡು ತೊಗಟೆ ಓಡಾಡಿದವು. ಒಂದು ರಕ್ತನಾಳದಿಂದ, ಒಂದು ಬಾಯಿಂದ. ಇದನ್ನು ವಿಜ್ಞಾನಕ್ಕೂ ನಂಬಿಕೆಗೂ ನಡೆದ ಜಗಳ ಎಂದು ಬರೆದುಬಿಟ್ಟರೆ ಸಲೀಸು. ಆದರೆ ಎರಡೂ ಕಾಡಿನಿಂದಲೇ ಬಂದವು. ಚಿಕ್ಕಮ್ಮನ ಮನೆಯ ಕಾಂಪೌಂಡಿನ ಬುಡದಲ್ಲಿ ಯಾರೂ ನೆಡದೆ ಹುಟ್ಟಿಕೊಂಡಿರುವ ನಿತ್ಯಪುಷ್ಪದಿಂದ ಬಂದದ್ದು ವಿನ್‌ಕ್ರಿಸ್ಟೀನ್, ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಬೇಕಾದ ಔಷಧಿ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಜನರ ಮಾತಿನ ಬೆನ್ನುಹತ್ತಿ ಕೆನಡಾದ ಇಬ್ಬರು ಆ ಗಿಡದ ಎಲೆಯನ್ನು ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು, ಅಲ್ಲಿಂದ ದಾರಿ ತೆರೆಯಿತು. ನಮ್ಮ ಸಹ್ಯಾದ್ರಿಯಲ್ಲೇ ದುರ್ವಾಸನೆ ಮರ ಅಂತ ಒಂದಿದೆ. ಅದರಲ್ಲಿರುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿನ ಬಳಗದಿಂದ ಕರುಳಿನ ಕ್ಯಾನ್ಸರಿನ ಔಷಧಿ ತಯಾರಾಗುತ್ತದೆ. ಕದ್ದು ಕಡಿದು ಸಾಗಿಸಿದ್ದರಿಂದ ಆ ಮರಕ್ಕೇ ಈಗ ಕುತ್ತು ಬಂದಿದೆ. ತೊಗಟೆಯಲ್ಲಿ ಏನೂ ಇರಲಾರದು ಎಂದು ನಾನು ನಕ್ಕಿದ್ದು ದಡ್ಡತನವೇ.

ವ್ಯತ್ಯಾಸ ಇರುವುದು ತೊಗಟೆಯಲ್ಲಲ್ಲ, ಅದಕ್ಕೆ ಹಾಕಿದ ಪ್ರಶ್ನೆಯಲ್ಲಿ. ಬಾಟಲಿಯ ತೊಗಟೆಗೆ 30 ವರ್ಷ ಪ್ರಶ್ನೆ ಹಾಕಿದ್ದರು. ಎಷ್ಟು ಕೊಟ್ಟರೆ ಗಡ್ಡೆ ಕರಗುತ್ತದೆ, ಎಷ್ಟು ಕೊಟ್ಟರೆ ರೋಗಿಯೇ ಕರಗುತ್ತಾನೆ, ಕೊಟ್ಟವರಲ್ಲಿ ಎಷ್ಟು ಜನ ಸತ್ತರು, ಕೊಡದವರಲ್ಲಿ ಎಷ್ಟು. ಸತ್ತವರ ಲೆಕ್ಕವನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಪೊಟ್ಟಣದ ತೊಗಟೆಯನ್ನು ಯಾರೂ ಏನೂ ಕೇಳಿರಲಿಲ್ಲ. ಅದು ಯಾವ ಮರದ್ದೆಂದು ನಮಗೇ ಗೊತ್ತಿರಲಿಲ್ಲ. ಚಿಕ್ಕಪ್ಪನ ಜೊತೆ ಆ ರಾತ್ರಿ ಸಾಲಿನಲ್ಲಿ ನಿಂತಿದ್ದ ಮರಾಠಿಯವನ ಕಡೆಯವರು ಉಳಿದರೋ ಇಲ್ಲವೋ? ಉಳಿದಿದ್ದರೆ ಅವರ ಊರಿನಲ್ಲಿ ಹತ್ತು ಜನ ನರಸೀಪುರದ ಹೆಸರು ಹೇಳಿರುತ್ತಾರೆ. ಉಳಿಯದಿದ್ದರೆ ಅವನು ಯಾಕೆ ಮತ್ತೆ ಅಷ್ಟು ದೂರ ಬಂದು ಹೇಳಿ ಹೋಗುತ್ತಾನೆ?

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಮೂರನೇ ಕೀಮೋಗೆ ಹೋದಾಗ ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕಿ ಏರಿತ್ತು. ಅಷ್ಟು ಹೊತ್ತಿಗೆ ಮನೆಯಲ್ಲಿ ತೊಗಟೆ ಒಂದೇ ಉಳಿದಿರಲಿಲ್ಲ. ತುರುವೇಕೆರೆಯ ನೆಂಟರು ಅಮೃತಬಳ್ಳಿ ಕಷಾಯ ಹೇಳಿಕೊಟ್ಟಿದ್ದರು, ಎದುರು ಮನೆಯವರು ಅರಿಸಿನಕ್ಕೆ ಮೆಣಸು ಕುಟ್ಟಿ ಹಾಕಿ ಬರಿಹೊಟ್ಟೆಗೆ ಕೊಡಿ ಅಂದಿದ್ದರು. ಡಾಕ್ಟರು ಕನ್ನಡಕ ತೆಗೆದು, "ಬೇರೆ ಏನಾದರೂ ತಗೋತಿದ್ದೀರೇನಮ್ಮಾ?" ಎಂದು ಕೇಳಿದರು. ಚಿಕ್ಕಮ್ಮ, "ಏನಿಲ್ಲ ಸಾರ್" ಅಂದರು. ಚಿಕ್ಕಪ್ಪ ಗೋಡೆ ನೋಡಿದರು. ಪಕ್ಕದ ಕುರ್ಚಿಯಲ್ಲಿದ್ದ ನಾನು, ಎಲ್ಲ ಗೊತ್ತಿದ್ದವನು, ಫೈಲಿನ ದಾರ ಬಿಚ್ಚಿ ಕಟ್ಟುತ್ತಾ ಕೂತೆ. ಕೀಮೋ ಒಂದು ವಾರ ಮುಂದಕ್ಕೆ ಹೋಯಿತು.

ಪ್ಯಾಕ್ಲಿಟ್ಯಾಕ್ಸೆಲನ್ನು ಅರಗಿಸಿ ಹೊರಹಾಕುವುದು ಲಿವರು. ಮೆಣಸಿನ ಸಾರ ಲಿವರಿನ ಅರಗಿಸುವ ಕೆಲಸಕ್ಕೇ ಅಡ್ಡ ಬರಬಲ್ಲದು. ಕೊರೊನಾ ಕಾಲದಲ್ಲಿ, 2021ರಲ್ಲಿ, ಅಮೃತಬಳ್ಳಿ ಸೇವಿಸಿದ ಕೆಲವರ ಲಿವರಿಗೆ ಪೆಟ್ಟಾದದ್ದನ್ನು ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ನಮ್ಮ ಮನೆಯ ವಿಷಯದಲ್ಲಿ ಅಂಕಿ ಏರಿಸಿದ್ದು ಕಷಾಯವೋ, ಮೆಣಸೋ, ತೊಗಟೆಯೋ, ಕೀಮೋನೋ ಹೇಳುವವರಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಪಾತ್ರೆಗೆ ನಾಲ್ಕು ಕೈ ಉಪ್ಪು ಹಾಕಿದ ಮೇಲೆ ಯಾರ ಉಪ್ಪು ಹೆಚ್ಚಾಯಿತು ಅಂತ ಕೇಳಿ ಏನು ಬಂತು?

ಮರುವಾರ ನಾನು ಒಬ್ಬನೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ನನ್ನ ಹತ್ತಿರ ಯಾಕೆ ಮುಚ್ಚಿಟ್ಟರು?" ಆಮೇಲೆ ಕೀಮೋ ಮುಗಿಯುವವರೆಗೆ ಬಾಯಿಗೆ ಹೋಗುವುದನ್ನೆಲ್ಲ ತನಗೆ ತೋರಿಸಬೇಕು, ಕಷಾಯಗಳೆಲ್ಲ ಬಂದ್, ಬೇಕಾದರೆ ದಿನಾ ಅರ್ಧ ಗಂಟೆ ನಡೆಯಲಿ, ಪ್ರಾಣಾಯಾಮ ಮಾಡಲಿ, ದೇವರಿಗೆ ಹೂ ಏರಿಸಲಿ ಅಂದರು. ಯೋಗದ ಮಾತನ್ನು ಅವರು ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯ ಮತ್ತು ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕೇಂದ್ರದವರು ಸೇರಿ ಸ್ತನ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದ ಹೆಂಗಸರಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದಾರೆ. ಯೋಗ ಮಾಡಿದವರು ದಿನದ ಕೆಲಸಗಳಲ್ಲಿ ಹೆಚ್ಚು ಗೆಲುವಾಗಿದ್ದರು. ಯೋಗದಿಂದ ಗಡ್ಡೆ ಕರಗಿತು ಅಂತ ಅವರು ಬರೆಯಲಿಲ್ಲ. ಬರೆಯದೆ ಬಿಟ್ಟ ಆ ಸಾಲಿಗಾಗಿಯೇ ಬರೆದ ಸಾಲನ್ನು ನಾನು ನಂಬುತ್ತೇನೆ.

ಚಿಕ್ಕಮ್ಮ ಉಳಿದರು. ಆಪರೇಷನ್ ಆಯಿತು, ಉಳಿದ ಕೀಮೋ ಆಯಿತು, ಸಿಎ-125 ಎರಡಂಕಿಗೆ ಇಳಿದು ಅಲ್ಲೇ ನಿಂತಿತು. ಈ ಹಂತದ ಕಾಯಿಲೆ ಹೆಚ್ಚಿನವರಲ್ಲಿ ಮರಳಿ ಬರುತ್ತದೆ. ಇವರಲ್ಲಿ ಇನ್ನೂ ಬಂದಿಲ್ಲ.

2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅಮೃತಸರದಲ್ಲಿ ಪತ್ರಕರ್ತರನ್ನು ಕರೆದು ತಮ್ಮ ಹೆಂಡತಿಯ ನಾಲ್ಕನೇ ಹಂತದ ಕ್ಯಾನ್ಸರ್ ಬೇವು, ಅರಿಸಿನ, ನಿಂಬೆಹುಳಿ, ಉಪವಾಸಗಳಿಂದ 40 ದಿನದಲ್ಲಿ ಹೋಯಿತು ಎಂಬಂತೆ ಮಾತಾಡಿದ ವಿಡಿಯೋ ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿಗೂ ಬಂತು. ಆಕೆಗೆ ಆಪರೇಷನ್ನೂ ಆಗಿತ್ತು, ಕೀಮೋವೂ ಆಗಿತ್ತು. ಆದರೆ ಜನರ ಕಿವಿಯಲ್ಲಿ ಉಳಿದದ್ದು ಬೇವು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಈಗಿನ ಮತ್ತು ಹಿಂದಿನ 262 ಕ್ಯಾನ್ಸರ್ ವೈದ್ಯರು ಸಹಿ ಹಾಕಿ, ಇದಕ್ಕೆ ಪುರಾವೆ ಇಲ್ಲ, ಚಿಕಿತ್ಸೆಯನ್ನು ತಡ ಮಾಡಬೇಡಿ ಎಂದು ಹೇಳಿಕೆ ಕೊಡಬೇಕಾಯಿತು. ಆಹಾರಕ್ರಮ ಮಾಡಿದ್ದು ವೈದ್ಯರನ್ನು ಕೇಳಿಯೇ ಎಂದು ಸಿಧು ಆಮೇಲೆ ಸ್ಪಷ್ಟಪಡಿಸಿದರು. ಸ್ಪಷ್ಟನೆಯನ್ನು ನಮ್ಮ ಗುಂಪಿಗೆ ಯಾರೂ ಕಳಿಸಲಿಲ್ಲ. "ನೋಡು, ನೀನೂ ತೊಗಟೆಯಿಂದಲೇ ಉಳಿದದ್ದು" ಅಂತ ಮಾತ್ರ ನಾಲ್ಕು ಜನ ಚಿಕ್ಕಮ್ಮನಿಗೆ ಫೋನು ಮಾಡಿದರು.

ಸಿಧು ಸುಳ್ಳು ಹೇಳಿದರು ಅಂತ ನನಗೆ ಅನ್ನಿಸಲಿಲ್ಲ. ಉಳಿದವರ ಮನೆಯವರೆಲ್ಲ ಹಾಗೇ ಹೇಳುತ್ತಾರೆ, ಯಾಕೆ ಎಂಬುದೇ ಪ್ರಶ್ನೆ. ಆಸ್ಪತ್ರೆಯ ದಿನಗಳನ್ನು ಕನ್ನಡದಲ್ಲಿ ಹೇಳಿ ನೋಡಿ: ಕೀಮೋ ಕೊಟ್ಟರು, ರಕ್ತ ತೆಗೆದರು, ಆಪರೇಷನ್ ಮಾಡಿದರು, ಇನ್ನೊಂದು ವಾರ ಬಿಟ್ಟು ಬನ್ನಿ ಅಂದರು. ಕ್ರಿಯಾಪದವೆಲ್ಲ ಬೇರೆಯವರದು. ಮನೆಗೆ ಬಂದು ಹೇಳಿ: ಸಕ್ಕರೆ ಬಿಟ್ಟೆ, ಬೇವು ಅಗಿದೆ, ಕಹಿ ಕುಡಿದೆ, ಐದು ಗಂಟೆಗೆ ಎದ್ದೆ. ಕತೆ ಹೇಳುವಾಗ ಯಾರಿಗಾದರೂ ತಾನು ಕರ್ತೃವಾಗಿರುವ ವಾಕ್ಯವೇ ಬಾಯಿಗೆ ಬರುತ್ತದೆ. ಇನ್ನೂ ಒಂದಿದೆ. ನಮ್ಮಲ್ಲಿ ಡಾಕ್ಟರನ್ನು ಹೊಗಳುವಾಗ ಅವರ ಓದನ್ನು ಹೊಗಳುವುದಿಲ್ಲ, ಕೈಗುಣ ಅನ್ನುತ್ತೇವೆ. ಕೃತಜ್ಞತೆಗೆ ಒಂದು ಕೈ ಬೇಕು. ಮೂರು ಪಾಳಿಯಲ್ಲಿ ಬದಲಾಗುವ ನರ್ಸುಗಳು, ಮುಖವಾಡದ ಹಿಂದಿನ ಅರಿವಳಿಕೆಯವರು, 1962ರ ಕಾಡಿನಲ್ಲಿ ತೊಗಟೆ ಕೆತ್ತಿದವನು, ಔಷಧಿಯ ಪ್ರಮಾಣ ಗೊತ್ತಾಗುವ ಮೊದಲೇ ಅದನ್ನು ಪಡೆದು ಸತ್ತ ಹೆಸರಿಲ್ಲದ ರೋಗಿಗಳು, ಇವರಲ್ಲಿ ಯಾರ ಕೈ ಹಿಡಿದು ನಮಸ್ಕಾರ ಹೇಳುವುದು? ಪೊಟ್ಟಣ ಕೊಟ್ಟ ಕೈ ಕಣ್ಣೆದುರಿಗಿತ್ತು.

ಆ ಪೊಟ್ಟಣ ಏನು ಮಾಡಿತು ಅಂತ ಈಗ ನನಗೊಂದು ಅಂದಾಜಿದೆ. ಅದು ಚಿಕ್ಕಮ್ಮನ ಗಡ್ಡೆಯನ್ನು ಮುಟ್ಟಿತು ಎನ್ನಲು ನನ್ನ ಹತ್ತಿರ ಕಾರಣವಿಲ್ಲ. ಡ್ರಿಪ್ಪೂ ಚಾಕುವೂ ಆ ಕೆಲಸ ಮಾಡಿದ್ದನ್ನು ಸ್ಕ್ಯಾನಿನಲ್ಲಿ ಹೆಜ್ಜೆಹೆಜ್ಜೆಗೆ ನೋಡಿದ್ದೇವೆ. ಆದರೆ ಮನೆಯಲ್ಲಿ ಇನ್ನೊಬ್ಬ ರೋಗಿ ಇದ್ದರು. ನಲವತ್ತು ವರ್ಷ ತೆಂಗಿನ ತೋಟ ನೋಡಿಕೊಂಡು, ಮೋಟಾರು ಕೆಟ್ಟರೆ ತಾವೇ ಬಿಚ್ಚಿ ರಿಪೇರಿ ಮಾಡುತ್ತಿದ್ದ ಚಿಕ್ಕಪ್ಪನಿಗೆ, ಆಸ್ಪತ್ರೆಯಲ್ಲಿ ಇದ್ದ ಕೆಲಸ ಬಿಲ್ ಕೌಂಟರಿನ ಟೋಕನ್ ಹಿಡಿದು ಕೂರುವುದು. ಹೆಂಡತಿಗಾಗಿ ಏನೂ ಮಾಡಲಾಗದ ಗಂಡಸು ದಿನದಿನಕ್ಕೆ ಕುಗ್ಗುತ್ತಿದ್ದುದನ್ನು ನಾವು ಯಾರೂ ಗಮನಿಸಿರಲಿಲ್ಲ. ರಾತ್ರಿಯಿಡೀ ಸಾಲಿನಲ್ಲಿ ನಿಂತದ್ದು, ತೊಗಟೆ ತಂದದ್ದು, ಅಡುಗೆಮನೆಗೆ ಕಾಲಿಡದಿದ್ದವರು ಬೆಳಗಿನ ಜಾವ ಎದ್ದು ಒಲೆಯ ಮುಂದೆ ನಿಂತು ಅದನ್ನು ಕುದಿಸಿ ಸೋಸಿದ್ದು, ಇದೆಲ್ಲ ಅವರಿಗೆ ಸಿಕ್ಕ ಚಿಕಿತ್ಸೆ. ಕುಡಿದದ್ದು ಚಿಕ್ಕಮ್ಮ, ಗುಣವಾದದ್ದು ಚಿಕ್ಕಪ್ಪನಿಗೆ. ಚಿಕ್ಕಮ್ಮನಿಗೆ ಇದು ಆಗಲೇ ಗೊತ್ತಿತ್ತಂತೆ. "ನಂಗೇನು ನಂಬಿಕೆ ಇರ್ಲಿಲ್ಲ ಕಣೋ" ಅಂತ ಹೋದ ವರ್ಷ ಹೇಳಿದರು, "ಅವರು ಲೋಟ ಹಿಡ್ಕೊಂಡು ನಿಂತಿರೋರು, ಬೇಡ ಅನ್ನಕ್ಕಾಗುತ್ತಾ?" ಹಾಗಾದರೆ ಡಾಕ್ಟರ ಮುಂದೆ ಅವರು ಹೇಳಿದ ಸುಳ್ಳು ಗಂಡನ ಮಾನಕ್ಕೆ ಹೊದಿಸಿದ ಸೆರಗು. ಅದು ಗೊತ್ತಿಲ್ಲದೆ ನಾನು ಇಷ್ಟು ವರ್ಷ ಅದನ್ನು ಅವರ ಮೂಢನಂಬಿಕೆಯ ಖಾತೆಗೆ ಬರೆದಿದ್ದೆ.

ಇಷ್ಟು ಹೇಳಿ ನಾನು ಪೊಟ್ಟಣದ ಪರವಾಗಿಬಿಟ್ಟೆ ಎಂದು ತಿಳಿಯಬಾರದು. ನಮ್ಮ ಬೀದಿಯದೇ ಒಂದು ಹೆಣ್ಣುಮಗಳು, ನನಗಿಂತ ಚಿಕ್ಕವಳು, ಎದೆಯಲ್ಲಿ ಸಣ್ಣ ಗಂಟು. ಆಪರೇಷನ್ನಿಗೆ ಹೆದರಿ, ಚಿಕ್ಕಮ್ಮನನ್ನು ನೋಡಿಯೇ ಧೈರ್ಯ ತಂದುಕೊಂಡು, ಬರೀ ನಾಟಿಔಷಧಿಗೆ ನಿಂತಳು. ಕೀಮೋದ ಮಾತನ್ನು ಚಿಕ್ಕಮ್ಮ ಹೇಳಿದ್ದರು, ಅವಳಿಗೆ ಕೇಳಿಸಿದ್ದು ತೊಗಟೆಯ ಮಾತು. ಒಂದೂವರೆ ವರ್ಷದ ಮೇಲೆ ಆಸ್ಪತ್ರೆಗೆ ಹೋದಾಗ ಮೂಳೆಗೆ ಇಳಿದಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ: ಇನ್ನೂ ಹರಡದ ಕ್ಯಾನ್ಸರಿಗೆ ಬರೀ ಪರ್ಯಾಯ ಚಿಕಿತ್ಸೆ ಹಿಡಿದವರು ಸಾಯುವ ಸಂಭವ ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಂತೂ ಐದು ಪಟ್ಟಿಗೂ ಹೆಚ್ಚು. ಅವಳ ತಿಥಿಯ ದಿನ ಚಿಕ್ಕಮ್ಮ ಊಟಕ್ಕೆ ಕೂರಲಿಲ್ಲ. ಅವತ್ತಿನಿಂದ ಯಾರಾದರೂ ನರಸೀಪುರದ ಮಾತೆತ್ತಿದರೆ ಅವರು ಮೊದಲು ಹೊಟ್ಟೆಯ ಮೇಲಿನ ಹೊಲಿಗೆಯ ಗೆರೆ ತೋರಿಸುತ್ತಾರೆ, ಆಮೇಲೆ ಮಾತು.

ಕಾಯಿಲೆ ಹೋಗುವುದಕ್ಕೆ ನಾವು ಬಳಸುವ ಮಾತುಗಳನ್ನು ನಾನು ಈಚೆಗೆ ಕಿವಿಗೊಟ್ಟು ಕೇಳುತ್ತೇನೆ. ವಾಸಿಯಾಯಿತು ಅನ್ನುತ್ತೇವೆ. ವಾಸಿ ಅಂದರೆ ಪೂರ್ತಿ ಸರಿಹೋಯಿತು ಅಂತಷ್ಟೇ ಅಲ್ಲ, ಮೊನ್ನೆಗಿಂತ ನಿನ್ನೆ ವಾಸಿ, ನಿನ್ನೆಗಿಂತ ಇವತ್ತು ಎಷ್ಟೋ ವಾಸಿ. ಅದು ಹೋಲಿಕೆಯ ಮಾತೂ ಹೌದು. ಕಾಯಿಲೆಯ ಅಂಕಿಯನ್ನೂ ಹಾಗೇ ಓದಬೇಕು. ಹಾರ್ವರ್ಡಿನ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ 1982ರಲ್ಲಿ ಹೊಟ್ಟೆಯ ಪೊರೆಯ ಕ್ಯಾನ್ಸರ್ ಬಂದಾಗ ಪುಸ್ತಕಗಳಲ್ಲಿದ್ದ ಅಂಕಿ ಎಂಟು ತಿಂಗಳು. ಅರ್ಧ ಜನ ಅಷ್ಟರೊಳಗೆ ಹೋಗುತ್ತಾರೆ ಅಂತ ಅದರ ಅರ್ಥ. ಗೂಲ್ಡ್ ಇನ್ನರ್ಧದವರ ಕಡೆ ನೋಡಿದ. ಆ ಕಡೆಯ ಬಾಲ ಎಲ್ಲಿಯವರೆಗೆ ಉದ್ದವಿದೆ ಎಂದು ಲೆಕ್ಕ ಹಾಕಿದ. ಆಪರೇಷನ್ನು, ಕೀಮೋ, ವಿಕಿರಣ ಎಲ್ಲ ಮಾಡಿಸಿಕೊಂಡು 20 ವರ್ಷ ಬದುಕಿ, 2002ರಲ್ಲಿ ಬೇರೆಯದೇ ಕ್ಯಾನ್ಸರಿನಿಂದ ತೀರಿಕೊಂಡ. ಅಂಕಿ ಅವನಿಗೆ ಸುಳ್ಳು ಹೇಳಿರಲಿಲ್ಲ. ನಮ್ಮ ಡಾಕ್ಟರನ್ನು ಚಿಕ್ಕಪ್ಪ ಎಷ್ಟು ದಿನ ಅಂತ ಕೇಳಿದಾಗಲೆಲ್ಲ ಅವರು ಅಂಕಿ ಬಿಟ್ಟು "ಹೋದ ಸಲಕ್ಕಿಂತ ವಾಸಿ" ಅನ್ನುತ್ತಿದ್ದುದು ಈಗ ನೆನಪಾಗುತ್ತದೆ. ಜಾರಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಸರಿಯಾದ ಕನ್ನಡ ಮಾತಾಡುತ್ತಿದ್ದರು.

ಇನ್ನೊಂದು ಮಾತು ಹುಷಾರು. ಜ್ವರ ಬಿಟ್ಟವರನ್ನು ಹುಷಾರಾದರಾ ಅಂತ ಕೇಳುತ್ತೇವೆ, ರಸ್ತೆ ದಾಟುವವರಿಗೂ ಹುಷಾರು ಅನ್ನುತ್ತೇವೆ. ಎಚ್ಚರ ಮತ್ತು ಆರೋಗ್ಯ ಎರಡೂ ಒಂದೇ ಪದದಲ್ಲಿ ಹೇಗೆ ಕೂತವೋ. ಚಿಕ್ಕಮ್ಮ ಈಗ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬೆಂಗಳೂರಿಗೆ ಬರುತ್ತಾರೆ. ರಿಪೋರ್ಟಿನ ಹಿಂದಿನ ಎರಡು ರಾತ್ರಿ ನಿದ್ದೆ ಮಾಡುವುದಿಲ್ಲ. ಯಾರಾದರೂ ಹೇಗಿದ್ದೀರಿ ಅಂದರೆ "ಹುಷಾರಾಗಿದ್ದೀನಿ" ಅನ್ನುತ್ತಾರೆ, ಅವರು ಯಾವ ಅರ್ಥದಲ್ಲಿ ಹೇಳಿದರು ಅಂತ ನಾನು ಕೇಳುವುದಿಲ್ಲ.

ಹೋದ ಸಲ ಬಂದಾಗ ನಮ್ಮ ಮನೆಯ ಜಗುಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಬೆರಳ ತುದಿಯ ಜೋಮು ಪೂರ್ತಿ ಹೋಗಿಲ್ಲ. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ ಇಟ್ಟು, ದಾರ ಸುತ್ತಿ, ಗಂಟು ಬಿತ್ತೋ ಇಲ್ಲವೋ ಅಂತ ಪ್ರತಿ ಸಲ ತುಟಿಯ ಹತ್ತಿರ ತಂದು ಮುಟ್ಟಿಸಿ ನೋಡುತ್ತಿದ್ದರು. ತುಟಿಗೆ ಗೊತ್ತಾಗುತ್ತದಂತೆ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಬುಟ್ಟಿಯಿಂದ ಅರಳಿದ ಹೂವನ್ನು ಬೇರೆ ಮಾಡಿ ಮೊಗ್ಗು ಮಾತ್ರ ಆರಿಸಿ ಕೊಡುತ್ತಿದ್ದರು. ಒಂದು ಮೊಳ ಆಗುವಷ್ಟರಲ್ಲಿ ಕಾಫಿ ಎರಡು ಸಲ ಆರಿತು.